ಜೀಪಿನ ಸೆಲ್ಫ್: ‘ಟಕ್’ ಸದ್ದಿನ ಬೆನ್ನುಹತ್ತಿ ಮೂರು ಭಾನುವಾರ

ಕೀಲಿ ತಿರುಗಿಸಿದಾಗ ಎಂಜಿನ್ ಶುರುಮಾಡುವ ಸೆಲ್ಫ್ ಕೈಕೊಡುತ್ತಿದ್ದರಿಂದ, ಆಷಾಢದ ಮಳೆ ಹಿಡಿದ ಮೇಲೆ ಜೀಪನ್ನು ಅಂಗಳದಲ್ಲಿ ನಿಲ್ಲಿಸುವುದನ್ನೇ ಬಿಟ್ಟಿದ್ದೆವು. ದಣಪೆಯ ಆಚೆಯ ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ, ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸುವುದು. ಬೆಳಿಗ್ಗೆ ಕಲ್ಲು ತೆಗೆದು ಎರಡನೇ ಗೇರಿನಲ್ಲಿ ಕ್ಲಚ್ ಬಿಡುವುದು. ಹೊಸನಗರದ ಕಡೆ ಹಳೆಯ ಡೀಸೆಲ್ ಜೀಪು ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಉಪಾಯ ಇದು. ಆದರೆ ಮೈಲುತುತ್ತ, ಸುಣ್ಣ, ಔಷಧಿ ಹೊಡೆಯುವವರನ್ನೆಲ್ಲ ತುಂಬಿಕೊಂಡು ಕೆಳಗಿನ ಅಡಿಕೆ ತೋಟಕ್ಕೆ ಇಳಿದರೆ ಅಲ್ಲಿ ಬರೀ ಸಮತಟ್ಟು. ಹಳ್ಳದ ದಂಡೆಯ ಕೆಸರಿನಲ್ಲಿ ನಾಲ್ಕು ಜನ ಸೇರಿ ಜೀಪು ತಳ್ಳಿದ ಸಂಜೆ, ಇನ್ನು ಇದನ್ನು ಹೀಗೇ ಬಿಡಬಾರದು ಎನಿಸಿತು.

ಮೊದಲ ಭಾನುವಾರ

ಕೀಲಿ ತಿರುಗಿಸಿದರೆ ಒಂದೇ ಒಂದು ‘ಟಕ್’, ಆಮೇಲೆ ಮೌನ. ನಾಲ್ಕೈದು ಸಲ ಪ್ರಯತ್ನಿಸಿದರೆ ಒಮ್ಮೆ ಎಂಜಿನ್ ತಿರುಗುತ್ತದೆ. “ಬ್ಯಾಟರಿ ಹೋಗಿದೆ, ಹೊಸದು ತಂದುಬಿಡು” ಎಂದರು ಅಪ್ಪಯ್ಯ. ಬ್ಯಾಟರಿ ಸೋತಿದ್ದರೆ ‘ಟಕಟಕಟಕ’ ಎಂಬ ಸದ್ದು ಬರಬೇಕು, ದೀಪ ಮಂಕಾಗಬೇಕು. ತಮ್ಮನನ್ನು ಕೀಲಿಯ ಬಳಿ ಕೂರಿಸಿ ಹೆಡ್‌ಲೈಟ್ ಹಾಕಿಸಿದೆ. ‘ಟಕ್’ ಎಂದಾಗ ಬೆಳಕು ಅಲುಗಾಡಲೂ ಇಲ್ಲ. ಅಂದರೆ ಸೆಲ್ಫ್ ಮೋಟಾರಿಗೆ ವಿದ್ಯುತ್ತು ಹೋಗುತ್ತಲೇ ಇಲ್ಲ. ಮಲ್ಟಿಮೀಟರ್ ಬ್ಯಾಟರಿಯಲ್ಲಿ 12.6 ವೋಲ್ಟ್ ತೋರಿಸಿತು. ಬ್ಯಾಟರಿಯ ಮೇಲಿನ ಅಪವಾದ ಅಲ್ಲಿಗೇ ತೀರಿತು.

ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿ ಕೆಂಪು ಮಣ್ಣಿನಲ್ಲಿ ಹೂತುಹೋಗಿತ್ತು. ಬಿಚ್ಚಿ, ಉಜ್ಜಿ, ಮತ್ತೆ ಬಿಗಿದೆ. ‘ಟಕ್’ ಮಾತ್ರ ಹಾಗೇ ಉಳಿಯಿತು.

ಎರಡನೇ ಭಾನುವಾರ

ಉಳಿದದ್ದು ಎರಡೇ: ಮೋಟಾರು, ಇಲ್ಲವೇ ಅದರ ಬೆನ್ನ ಮೇಲೆ ಕುಳಿತ ಸೊಲೆನಾಯ್ಡ್. ಸೊಲೆನಾಯ್ಡಿಗೆ ಎರಡು ಕೆಲಸ. ಕೀಲಿಯಿಂದ ವಿದ್ಯುತ್ತು ಬಂದೊಡನೆ ಒಳಗಿನ ಸುರುಳಿ ಕಬ್ಬಿಣದ ದಂಡವನ್ನು ಎಳೆದುಕೊಳ್ಳುತ್ತದೆ. ಆ ಎಳೆತಕ್ಕೆ ಒಂದು ಕಡೆ ಮೋಟಾರಿನ ಪುಟ್ಟ ಪಿನಿಯನ್ ಗೇರು ಎಂಜಿನ್ನಿನ ದೊಡ್ಡ ಚಕ್ರವಾದ ಫ್ಲೈವೀಲಿನ ಹಲ್ಲಿಗೆ ಸೇರುತ್ತದೆ. ಇನ್ನೊಂದು ಕಡೆ ತಾಮ್ರದ ಬಿಲ್ಲೆಯೊಂದು ಎರಡು ದಪ್ಪ ಬೋಲ್ಟುಗಳ ತಲೆಗೆ ಒತ್ತಿಕೊಂಡು ಬ್ಯಾಟರಿಯನ್ನು ಮೋಟಾರಿಗೆ ಸೇರಿಸುತ್ತದೆ. ‘ಟಕ್’ ಎಂದರೆ ದಂಡ ಓಡುತ್ತಿದೆ ಎಂದಷ್ಟೇ ಅರ್ಥ. ಬಿಲ್ಲೆ ಬೋಲ್ಟನ್ನು ಸರಿಯಾಗಿ ಮುಟ್ಟಿತೇ ಎಂಬುದು ಕಿವಿಗೆ ಕೇಳಿಸುವುದಿಲ್ಲ, ಅಳೆದೇ ನೋಡಬೇಕು.

ಗೇರ್ ನ್ಯೂಟ್ರಲ್, ಚಕ್ರಕ್ಕೆ ಕಲ್ಲು. ಡೀಸೆಲ್ ನಿಲ್ಲಿಸುವ ಸ್ಟಾಪ್ ಕೇಬಲ್ ಎಳೆದು ಹಿಡಿದದ್ದರಿಂದ ಎಂಜಿನ್ ತಿರುಗಿದರೂ ಹೊತ್ತಿಕೊಳ್ಳುವ ಭಯವಿರಲಿಲ್ಲ. ‘ಟಕ್’ ಎಂದಾಗ ಬ್ಯಾಟರಿ ಕಡೆಯ ಬೋಲ್ಟಿನಲ್ಲಿ 12.3 ವೋಲ್ಟ್, ಮೋಟಾರ್ ಕಡೆಯ ಬೋಲ್ಟಿನಲ್ಲಿ ಅರ್ಧ ವೋಲ್ಟೂ ಇಲ್ಲ. ಅದೃಷ್ಟಕ್ಕೆ ಎಂಜಿನ್ ತಿರುಗಿದಾಗ ಮೀಟರಿನ ಎರಡು ಕಡ್ಡಿಗಳನ್ನು ಆ ಎರಡು ಬೋಲ್ಟುಗಳ ಮೇಲೇ ಇಟ್ಟೆ: 1.4 ವೋಲ್ಟ್. ಅಲ್ಲಿ 0.3ಕ್ಕಿಂತ ಹೆಚ್ಚು ನಷ್ಟವಾಗಬಾರದು. ಡೀಸೆಲ್ ಎಂಜಿನ್ ತಿರುಗಿಸಲು 200 ಆಂಪಿಯರ್ ಹರಿಯುತ್ತದೆ ಎಂದುಕೊಂಡರೂ 280 ವಾಟ್ ಶಾಖ, ಅದೂ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ. ಸಂಪರ್ಕ ಸುಡದೆ ಇನ್ನೇನಾದೀತು?

ಕೊನೆಗೆ ದಪ್ಪ ತಂತಿಯಿಂದ ಎರಡೂ ಬೋಲ್ಟುಗಳನ್ನು ಕ್ಷಣಮಾತ್ರ ಸೇರಿಸಿದೆ. ಕಿಡಿ ಹಾರಿತು, ಮೋಟಾರು ‘ಗುಂಯ್’ ಎಂದು ಸಲೀಸಾಗಿ ತಿರುಗಿತು. ಗೇರು ಸೇರದ ಕಾರಣ ಎಂಜಿನ್ ತಿರುಗುವುದಿಲ್ಲ, ಅದು ಸಹಜ. ಮೋಟಾರಿನ ಮೇಲಿನ ಅನುಮಾನವೂ ಹೋಯಿತು. ಇಡೀ ಸೆಲ್ಫ್ ಬದಲಿಸಬೇಕೆಂದು ಒಂದು ಗ್ಯಾರೇಜಿನಲ್ಲಿ ಹೇಳಿದ್ದರು. ಬಿಚ್ಚದೆ, ಅಳೆಯದೆ ಹಾಗೆ ಹೇಳಿದ್ದು ನನಗೆ ಇಂದಿಗೂ ಸರಿ ಕಾಣುವುದಿಲ್ಲ.

ಮೂರನೇ ಭಾನುವಾರ

ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ತೆಗೆದೆ, ಆಮೇಲೆ ಸೆಲ್ಫ್ ಇಳಿಸಿದೆ. ಸೊಲೆನಾಯ್ಡಿನ ಹಿಂದಿನ ಮುಚ್ಚಳ ಸ್ಕ್ರೂ ತೆಗೆದರೆ ಬರುವಂಥದ್ದಲ್ಲ. ಸುರುಳಿಯ ಎರಡು ತಂತಿಗಳನ್ನು ಟರ್ಮಿನಲ್ಲಿಗೆ ಬೆಸುಗೆ ಹಾಕಿರುತ್ತಾರೆ. ಅದನ್ನು ಕರಗಿಸಿ, ತಂತಿ ತುಂಡಾಗದಂತೆ ನಿಧಾನವಾಗಿ ಎತ್ತಿದೆ. ಒಂದು ಚಮಚದಷ್ಟು ಕೆಂಪು ಕೆಸರು ಹೊರಬಿತ್ತು. ಮುಚ್ಚಳದ ರಬ್ಬರು ಬಿರುಕು ಬಿಟ್ಟು, ದಿನಾ ದಾಟುವ ಹಳ್ಳದ ನೀರು ಒಳಗೆ ಇಳಿದಿತ್ತು. ಬೋಲ್ಟಿನ ಬುಡದಲ್ಲಿ ಥೇಟ್ ಮೈಲುತುತ್ತದ ಬಣ್ಣದ ಕಿಲುಬು. ಬಿಲ್ಲೆಯ ಅಂಚಿನಲ್ಲಿ ಕಪ್ಪು ಬಳೆಯಂಥ ಸುಟ್ಟ ಗುರುತು. ಬೋಲ್ಟಿನ ತಾಮ್ರದ ತಲೆಗಳು ಒಂದೇ ಪಕ್ಕದಲ್ಲಿ ಅರ್ಧಚಂದ್ರದಂತೆ ಸವೆದುಹೋಗಿದ್ದವು. ಇನ್ನೊಂದು ಪಕ್ಕ ಹೊಸದರಂತೆ ಹೊಳೆಯುತ್ತಿತ್ತು.

ಆ ಹೊಳೆಯುವ ಪಕ್ಕವನ್ನೇ ನೆಚ್ಚಿಕೊಂಡೆ. ಬೋಲ್ಟುಗಳನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದೆ, ಬಿಲ್ಲೆಯನ್ನು ಮಗುಚಿ ಹಾಕಿದೆ, ತೆಳು ಮರಳುಕಾಗದದಿಂದ ಉಜ್ಜಿ ಸಮ ಮಾಡಿದೆ. ಮುಚ್ಚಳಕ್ಕೆ ಹೊಸ ಗ್ಯಾಸ್ಕೆಟ್ ಕತ್ತರಿಸಿಟ್ಟು ಮತ್ತೆ ಬೆಸುಗೆ ಹಾಕಿದೆ.

ಈಗ ಆ ಎರಡು ಬೋಲ್ಟುಗಳ ನಡುವಿನ ನಷ್ಟ 0.15 ವೋಲ್ಟ್. ಈ ವಾರ ಒಮ್ಮೆಯೂ ತಳ್ಳಿಲ್ಲ. ನಿನ್ನೆ ಅಪ್ಪಯ್ಯ ತಾವಾಗಿಯೇ ಜೀಪನ್ನು ಅಂಗಳಕ್ಕೆ ತಂದು ನಿಲ್ಲಿಸಿದರು. ಮಗುಚಿದ ತಾಮ್ರ ಎಷ್ಟು ಕಾಲ ಬಂದರೂ, ಮುಂದಿನ ಸಲ ಶಿವಮೊಗ್ಗಕ್ಕೆ ಹೋದಾಗ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಿಂದ ಹೊಸ ಸೊಲೆನಾಯ್ಡ್ ತಂದಿಡುತ್ತೇನೆ. ಇನ್ನೊಂದು ಕೆಲಸವೂ ಬಾಕಿ ಇದೆ: ಕೀಲಿಯಿಂದ ಸೊಲೆನಾಯ್ಡಿಗೆ ಬರುವ ಸಣ್ಣ ತಂತಿಯಲ್ಲಿ 0.8 ವೋಲ್ಟ್ ಸೋರಿಹೋಗುತ್ತಿದೆ. ಬರುವ ಭಾನುವಾರ ಅಲ್ಲೊಂದು ರಿಲೇ, ಅಂದರೆ ಸಣ್ಣ ವಿದ್ಯುತ್ತಿನಿಂದ ದೊಡ್ಡದನ್ನು ಹಾಯಿಸುವ ಸ್ವಿಚ್ಚು, ಕೂರಿಸಬೇಕು.