ಕೆಲಸ ಬಿಟ್ಟು ಅದೇ ಬಿಸಿನೆಸ್ ಶುರು ಮಾಡುವ ಮುಂಚೆ

ಕಂಪನಿ ಬಿಟ್ಟು ಅದೇ ಥರದ ಸ್ವಂತ ಬಿಸಿನೆಸ್ ಮಾಡಬೇಕು ಅಂತಿರುವವರು ಮೊದಲು ಹೆದರುವುದು ನಾನ್‌-ಕಾಂಪೀಟ್ ಷರತ್ತಿಗೆ. ‘ಕೆಲಸ ಬಿಟ್ಟ ಮೇಲೆ ಇಷ್ಟು ವರ್ಷ ಪೈಪೋಟಿಗೆ ಇಳಿಯುವಂತಿಲ್ಲ’ ಅಂತ ಆಫರ್ ಲೆಟರ್‌ನಲ್ಲಿ ಇರುತ್ತದಲ್ಲ, ಅದು. ನನ್ನ ಪ್ರಕಾರ ಜಾಸ್ತಿ ಹೆದರಬೇಕಾದ್ದು ಅದಕ್ಕಲ್ಲ. ಇನ್ನೂ ಸಂಬಳ ತಗೊಳ್ಳುತ್ತಿರುವಾಗಲೇ ನೀವು ಏನೇನು ಮಾಡಿದ್ದೀರಿ ಅನ್ನೋದಕ್ಕೆ.

ಆ ಷರತ್ತಿನ ಬಲ ಒಂದೊಂದು ದೇಶದಲ್ಲಿ ಒಂದೊಂದು ಥರ. ಭಾರತದಲ್ಲಿ 1872ರ ಕರಾರು ಕಾಯ್ದೆಯ 27ನೇ ಕಲಂ ಇದೆ. ಒಬ್ಬರ ಉದ್ಯೋಗ, ವ್ಯಾಪಾರಕ್ಕೆ ತಡೆ ಹಾಕುವ ಕರಾರು ಅಷ್ಟರ ಮಟ್ಟಿಗೆ ಅಸಿಂಧು. ಹಾಗಾಗಿ ಕೆಲಸ ಬಿಟ್ಟ ಮೇಲೂ ಬೆನ್ನು ಹತ್ತುವ ಷರತ್ತನ್ನು ಕೋರ್ಟುಗಳು ಸಾಮಾನ್ಯವಾಗಿ ಎತ್ತಿಹಿಡಿಯುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲೂ ಹೆಚ್ಚುಕಮ್ಮಿ ಹೀಗೇ. ಜರ್ಮನಿಯಲ್ಲಿ 2 ವರ್ಷದವರೆಗೆ ತಡೆಯಬಹುದು, ಆದರೆ ಅಷ್ಟೂ ದಿನ ಕಂಪನಿ ಕನಿಷ್ಠ ಅರ್ಧ ಸಂಬಳ ಕೊಡಬೇಕು. ಮನೆಯಲ್ಲಿ ಸುಮ್ನೆ ಕೂರಿಸುವುದಾದರೆ ದುಡ್ಡು ಕೊಟ್ಟು ಕೂರಿಸಿ ಅನ್ನೋದು ನ್ಯಾಯವೇ ಅಲ್ವಾ?

ಕೆಲಸದಲ್ಲಿ ಇರುವಾಗಿನ ಕಥೆ ಬೇರೆ. 1967ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಪ್ರಕರಣದಲ್ಲಿ ಒಬ್ಬ ಉದ್ಯೋಗಿ 5 ವರ್ಷದ ಕರಾರಿನ ನಡುವೆಯೇ ಎದುರಾಳಿ ಕಂಪನಿ ಸೇರಿದ್ದ. ಕರಾರಿನ ಅವಧಿ ಮುಗಿಯುವವರೆಗೆ ಅವನನ್ನು ತಡೆದದ್ದು ಸರಿ ಅಂತ ಕೋರ್ಟ್ ಹೇಳಿತು. ಅಂದರೆ ನೋಟಿಸ್ ಪೀರಿಯಡ್‌ನ ಕೊನೆಯ ದಿನದವರೆಗೂ ನೀವು ಕಂಪನಿಯವರೇ.

ಗ್ರಾಹಕರ ವಿಷಯಕ್ಕೆ ಇಂಗ್ಲೆಂಡಿನ ಒಂದು ಕೋಳಿ ಕೇಸು ನನಗೆ ತುಂಬಾ ಇಷ್ಟ. ವ್ಯಾನಿನಲ್ಲಿ ಕೋಳಿಮಾಂಸ ಮಾರುತ್ತಿದ್ದ ಕಂಪನಿಯ ಸೇಲ್ಸ್ ಮ್ಯಾನೇಜರ್ ಕೆಲಸ ಬಿಟ್ಟು, ಅದೇ ಪ್ರದೇಶದಲ್ಲಿ, ಹಳೆಯ ಸಹೋದ್ಯೋಗಿಗಳನ್ನೇ ಇಟ್ಟುಕೊಂಡು ಅದೇ ವ್ಯಾಪಾರ ಶುರು ಮಾಡಿದ. ಯಾವ ಗ್ರಾಹಕರು, ಯಾವ ರೂಟು, ಎಷ್ಟು ರೇಟು ಎಲ್ಲ ಅವನಿಗೆ ಗೊತ್ತು. ಹಳೆಯ ಕಂಪನಿ ಕೇಸು ಹಾಕಿತು, 1986ರಲ್ಲಿ ಮೇಲ್ಮನವಿಯಲ್ಲೂ ಸೋತಿತು. ಕೆಲಸ ಮಾಡ್ತಾ ಮಾಡ್ತಾ ತಲೆಯಲ್ಲಿ ಉಳಿದದ್ದು, ಅದು ಗುಟ್ಟಿನ ಫಾರ್ಮುಲಾದಂಥದ್ದು ಅಲ್ಲದಿದ್ದರೆ, ಅವನದೇ. ಆದರೆ ಕೆಲಸದಲ್ಲಿದ್ದಾಗಲೇ ಗ್ರಾಹಕರ ಪಟ್ಟಿ ನಕಲು ಮಾಡಿಕೊಂಡಿದ್ದರೆ, ಅಷ್ಟೇಕೆ, ಮುಂದೆ ಬೇಕಾಗುತ್ತದೆ ಅಂತ ಬೇಕುಬೇಕೆಂದೇ ಬಾಯಿಪಾಠ ಮಾಡಿದ್ದರೂ ಅದು ವಿಶ್ವಾಸದ್ರೋಹ ಅಂತಲೂ ಅದೇ ತೀರ್ಪು ಹೇಳುತ್ತದೆ.

ಈಗ ನಿಮ್ಮ ಫೋನ್ ತೆಗೆದು ನೋಡಿ. ಕಂಪನಿಯ ಎಕ್ಸೆಲ್ ಶೀಟು ಸ್ವಂತ ಜಿಮೇಲ್‌ಗೆ ಫಾರ್ವರ್ಡ್ ಆಗಿದೆಯಾ? ಕೊಟೇಶನ್‌ಗಳ ಫೋಲ್ಡರ್ ಡ್ರೈವ್‌ನಲ್ಲಿ ಕೂತಿದೆಯಾ? ಮೇಲ್ ಹೋದ ದಿನ, ಗಂಟೆ, ನಿಮಿಷ ಎಲ್ಲ ಸರ್ವರ್ ಲಾಗ್‌ನಲ್ಲಿ ಇರುತ್ತದೆ, ವಕೀಲರು ಮೊದಲು ತೆಗೆಸುವುದೇ ಅದನ್ನು. ಗೂಗಲ್‌ನ ಸ್ವಯಂಚಾಲಿತ ಕಾರು ವಿಭಾಗದ ಎಂಜಿನಿಯರ್ ಆಂಟನಿ ಲೆವಾಂಡೌಸ್ಕಿ ಹೊರಹೋಗುವ ಮುಂಚೆ ಸುಮಾರು 14,000 ಫೈಲು ಇಳಿಸಿಕೊಂಡಿದ್ದರು ಅನ್ನೋ ಆರೋಪ ಸಿವಿಲ್ ಕೇಸಿನಲ್ಲೇ ನಿಲ್ಲಲಿಲ್ಲ. ಕ್ರಿಮಿನಲ್ ಕೇಸಿನಲ್ಲಿ ಒಂದು ಆರೋಪ ಒಪ್ಪಿಕೊಂಡು 2020ರಲ್ಲಿ 18 ತಿಂಗಳ ಶಿಕ್ಷೆಯಾಯಿತು. ಆಮೇಲೆ ಅಮೆರಿಕದ ಅಧ್ಯಕ್ಷರ ಕ್ಷಮಾದಾನ ಸಿಕ್ಕಿತು ಬಿಡಿ, ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ.

ಕೋಡ್, ಡಿಸೈನ್ ಬರೆಯುವವರಿಗೆ ಇನ್ನೊಂದು ಮಾತು. ಭಾರತದ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಕೆಲಸದ ಭಾಗವಾಗಿ ಮಾಡಿದ್ದರ ಮೊದಲ ಒಡೆತನ, ಬೇರೆ ಒಪ್ಪಂದ ಇಲ್ಲದಿದ್ದರೆ, ಕಂಪನಿಯದು. ರಾತ್ರಿ ಕೂತು ಬರೆದದ್ದು ನಂದು ಅನ್ನಬಹುದು, ಆದರೆ ಬರೆದದ್ದು ಕಂಪನಿಯ ಲ್ಯಾಪ್‌ಟಾಪ್‌ನಲ್ಲಿ ಆದರೆ ವಾದ ಮಾಡುತ್ತಲೇ ಕೂರಬೇಕಾಗುತ್ತದೆ.

ಕೊನೆಯ ದಿನ ಎಚ್‌ಆರ್‌ನವರು ಫೈನಲ್ ಸೆಟಲ್‌ಮೆಂಟ್ ಪೇಪರ್ ಮುಂದಿಡುತ್ತಾರೆ. ಆಫರ್ ಲೆಟರ್‌ನಲ್ಲಿ ಇಲ್ಲದ ಷರತ್ತು ಅದರಲ್ಲಿ ನುಸುಳಿರಬಹುದು. ಬಾಕಿ ದುಡ್ಡಿನ ಅವಸರದಲ್ಲಿ ಅಲ್ಲೇ ಸಹಿ ಹಾಕಬೇಡಿ, ಮನೆಗೆ ತಗೊಂಡು ಹೋಗಿ ಓದುತ್ತೇನೆ ಅನ್ನಿ.