ಪಾಪ್‌ಅಪ್ ಬಂತು ಅಂತ ಗಾಬರಿಯಾಗಬೇಡಿ, ಅದನ್ನು ಕಳಿಸುತ್ತಿರುವುದು ಯಾರು ಅಂತ ನೋಡಿ

ಎರಡು ವಾರದಿಂದ ಅಪ್ಪ ಕಂಪ್ಯೂಟರ್ ಹತ್ತಿರ ಹೋಗಿರಲಿಲ್ಲ. ಯಾಕೆ ಅಂದರೆ "ಏನೂ ಕೆಲಸ ಇರಲಿಲ್ಲ ಬಿಡು" ಅನ್ನುತ್ತಿದ್ದರು. ಮೊನ್ನೆ ನಾನೇ ಆನ್ ಮಾಡಿದೆ. ಡೆಸ್ಕ್‌ಟಾಪ್ ಬಂದು ಒಂದು ನಿಮಿಷ ಆಗಿರಲಿಲ್ಲ, ಬಲಗಡೆ ಕೆಳಮೂಲೆಯಲ್ಲಿ ಟಿಣ್ ಅಂತ ಒಂದು ಚೌಕ ಎದ್ದಿತು. ಕೆಂಪು ಗುರುತು, ಪಕ್ಕದಲ್ಲಿ "ನಿಮ್ಮ ಕಂಪ್ಯೂಟರ್‌ನಲ್ಲಿ 5 ವೈರಸ್ ಸಿಕ್ಕಿವೆ" ಅನ್ನೋ ಸಾಲು. ಅದನ್ನು ಮುಚ್ಚುವಷ್ಟರಲ್ಲಿ ಇನ್ನೊಂದು, ಅದರ ಹಿಂದೆ ಮತ್ತೊಂದು. ಬ್ರೌಸರ್ ನಾನಿನ್ನೂ ತೆರೆದೇ ಇರಲಿಲ್ಲ. ಅಪ್ಪ ಬಾಗಿಲ ಹತ್ತಿರ ನಿಂತು "ನಾನೇನೂ ಮಾಡಿಲ್ಲ ಕಣೋ, ತಾನಾಗೇ ಬರ್ತಿದೆ" ಅಂದರು. ಆ ದನಿ ಕೇಳಿ ಹೊಟ್ಟೆ ಹಿಂಡಿದ ಹಾಗಾಯಿತು. ತಮ್ಮಿಂದಲೇ ಕಂಪ್ಯೂಟರ್ ಕೆಟ್ಟಿತು ಅಂದುಕೊಂಡು ಎರಡು ವಾರ ಯಾರಿಗೂ ಹೇಳದೆ ಸುಮ್ಮನಿದ್ದರು.

ಇಂಥ ಹೊತ್ತಲ್ಲಿ ಹೆಚ್ಚಿನವರು ಮಾಡುವುದು ಎರಡೇ. ಸಿಕ್ಕಿದ ಆಂಟಿವೈರಸ್ ಹಾಕುವುದು, ಇಲ್ಲಾ ವಿಂಡೋಸ್ ಪೂರ್ತಿ ಅಳಿಸಿ ಮತ್ತೆ ಹಾಕುವುದು. ಎರಡೂ ಆಮೇಲಿನ ಮಾತು. ಮೊದಲು ಆ ಚೌಕವನ್ನೇ ಸರಿಯಾಗಿ ಓದಿ. ದೊಡ್ಡ ಅಕ್ಷರ ಬಿಟ್ಟುಬಿಡಿ, ಸಣ್ಣ ಅಕ್ಷರ ನೋಡಿ. ಅಪ್ಪನ ಚೌಕದಲ್ಲಿ ಕ್ರೋಮ್ ಅಂತ ಒಂದು ಕಡೆ ಇತ್ತು, ಸಂದೇಶದ ಕೆಳಗೆ ಬೂದು ಬಣ್ಣದಲ್ಲಿ ಒಂದು ವೆಬ್‌ಸೈಟ್ ಹೆಸರು ಇತ್ತು. ಅರ್ಥವೇ ಇಲ್ಲದ, ಸುಮ್ನೆ ಅಕ್ಷರ ಜೋಡಿಸಿದಂಥ ಹೆಸರು. ಅದನ್ನು ನೋಡಿದ ಮೇಲೆ ನನಗೆ ಅರ್ಧ ಸಮಾಧಾನವಾಯಿತು. ನಮ್ಮ ಕಂಪ್ಯೂಟರ್ ಒಳಗೆ ಹೊಕ್ಕು ವೈರಸ್ ಕಂಡುಹಿಡಿಯುವ ಶಕ್ತಿ ಯಾವ ವೆಬ್‌ಸೈಟಿಗೂ ಇಲ್ಲ, ಅದು ಬರೀ ನೋಟಿಫಿಕೇಶನ್.

ಇದು ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಹಿಂದೆ ಪಾಪ್‌ಅಪ್ ಅಂದರೆ ಪುಟ ತೆರೆದ ಕೂಡಲೇ ತಾನಾಗೇ ಎದ್ದು ಬರುವ ಇನ್ನೊಂದು ಕಿಟಕಿ. 1990ರ ದಶಕದ ಕೊನೆಯಲ್ಲಿ ಟ್ರೈಪಾಡ್ ಅನ್ನೋ ಕಂಪನಿಯಲ್ಲಿದ್ದ ಈಥನ್ ಜುಕರ್‌ಮನ್ ಅದಕ್ಕೆ ಕೋಡ್ ಬರೆದವರು, 2014ರಲ್ಲಿ ಅದಕ್ಕಾಗಿ ಬಹಿರಂಗವಾಗಿ ಕ್ಷಮೆಯನ್ನೂ ಕೇಳಿದರು. ಆ ಕಿಟಕಿಗಳನ್ನು ಈಗ ಬ್ರೌಸರ್‌ಗಳೇ ಬಹುಮಟ್ಟಿಗೆ ತಡೆಯುತ್ತವೆ. ಅದಕ್ಕೇ ಜಾಹೀರಾತಿನವರು ನಮ್ಮ ಕೈಯಿಂದಲೇ ಒಪ್ಪಿಗೆ ತೆಗೆದುಕೊಳ್ಳುವ ದಾರಿ ಹಿಡಿದರು. 2015ರಿಂದ ಕ್ರೋಮ್‌ನಲ್ಲಿ ವೆಬ್‌ಸೈಟ್‌ಗಳು ನಮ್ಮ ಅನುಮತಿ ಕೇಳಿ, ಪುಟ ಮುಚ್ಚಿದ ಮೇಲೂ ನೋಟಿಫಿಕೇಶನ್ ಕಳಿಸಬಹುದು. ಮೇಲ್‌ಗೆ, ಚಾಟ್‌ಗೆ ಅದು ಒಳ್ಳೆಯದೇ. ಆದರೆ ಮೋಸದ ಸೈಟುಗಳು "ನೀವು ರೋಬೋಟ್ ಅಲ್ಲ ಅಂತ ಖಚಿತಪಡಿಸಲು ಅಲೌ ಒತ್ತಿ" ಅಂತ ಬರೆಯುತ್ತವೆ. ಒಮ್ಮೆ ಒತ್ತಿದರೆ ಮುಗಿಯಿತು. ಆಮೇಲೆ ಆ ಪುಟ ಮುಚ್ಚಿದ್ದರೂ, ಎಷ್ಟೋ ಸಲ ಬ್ರೌಸರ್ ಕಿಟಕಿಯನ್ನೇ ಮುಚ್ಚಿದ್ದರೂ ಸಂದೇಶ ಬರುತ್ತಲೇ ಇರುತ್ತದೆ, ಯಾಕಂದರೆ ವಿಂಡೋಸ್‌ನಲ್ಲಿ ಕ್ರೋಮ್ ತೆರೆಮರೆಯಲ್ಲಿ ಓಡುತ್ತಲೇ ಇರಬಹುದು.

ತೆಗೆಯುವುದು ಸುಲಭ. ಕ್ರೋಮ್‌ನ ಬಲ ಮೇಲ್ಮೂಲೆಯ ಮೂರು ಚುಕ್ಕಿ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ. ಅಲ್ಲಿ ಪ್ರೈವೆಸಿ ಅಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್. ಅನುಮತಿ ಪಡೆದ ಸೈಟುಗಳ ಪಟ್ಟಿ ಅಲ್ಲಿರುತ್ತದೆ. ಅಪ್ಪನ ಪಟ್ಟಿಯಲ್ಲಿ 11 ಹೆಸರಿದ್ದವು, ಅದರಲ್ಲಿ ಅವರಿಗೆ ಗೊತ್ತಿದ್ದದ್ದು ಒಂದೇ, ಅವರ ಮೇಲ್. ಉಳಿದ ಹತ್ತಕ್ಕೂ ಬ್ಲಾಕ್ ಒತ್ತಿದೆ. ರಿಮೂವ್ ಮಾಡಿದರೆ ಆ ಸೈಟು ನಾಳೆ ಮತ್ತೆ ಕೇಳಬಹುದು, ಬ್ಲಾಕ್ ಮಾಡಿದರೆ ಕೇಳುವುದಿಲ್ಲ. ಅದೇ ಪುಟದ ಮೇಲ್ಗಡೆ, ಯಾವ ಸೈಟೂ ನೋಟಿಫಿಕೇಶನ್ ಅನುಮತಿ ಕೇಳದಂತೆ ಮಾಡುವ ಆಯ್ಕೆಯೂ ಇದೆ. ಮನೆಯ ಹಿರಿಯರ ಕಂಪ್ಯೂಟರ್‌ನಲ್ಲಿ ಅದನ್ನು ಇಟ್ಟುಬಿಡಿ. ಎಡ್ಜ್, ಫೈರ್‌ಫಾಕ್ಸ್‌ನಲ್ಲೂ ಹೆಚ್ಚುಕಡಿಮೆ ಇದೇ ದಾರಿ.

ಮೂಲೆ ಶಾಂತವಾಯಿತು. ಆದರೆ ಕೆಲಸ ಮುಗಿದಿರಲಿಲ್ಲ.

ಏನೋ ಹುಡುಕೋಣ ಅಂತ ಟೈಪ್ ಮಾಡಿದೆ. ಬ್ರೌಸರ್‌ನ ಮೇಲಿನ ವಿಳಾಸದ ಸಾಲಿನಲ್ಲಿ ಕ್ಷಣಮಾತ್ರ ಬೇರೆ ಯಾವುದೋ ಹೆಸರು ಮಿಂಚಿ ಹೋಯಿತು, ಆಮೇಲೆ ಬಂದ ಫಲಿತಾಂಶದಲ್ಲಿ ಮೊದಲ ಐದಾರು ಬರೀ ಜಾಹೀರಾತು. ಇದು ನೋಟಿಫಿಕೇಶನ್ ಕೆಲಸ ಅಲ್ಲ. ಇಂಥದ್ದು ಬಂದಾಗ ನಾನು ಮಾಡುವ ಪರೀಕ್ಷೆ ಇದು. ಮೊದಲು ಇನ್‌ಕಾಗ್ನಿಟೋ (ಹಿಸ್ಟರಿ ಉಳಿಸದ ಖಾಸಗಿ) ಕಿಟಕಿ ತೆರೆದು ಅದೇ ಹುಡುಕಾಟ ಮಾಡಿ. ನಾವೇ ಒಪ್ಪಿಗೆ ಕೊಡದ ಹೊರತು ಅಲ್ಲಿ ಎಕ್ಸ್‌ಟೆನ್ಶನ್‌ಗಳು, ಅಂದರೆ ಬ್ರೌಸರ್‌ಗೆ ಸೇರಿಸಿಕೊಂಡ ಚಿಕ್ಕ ಪ್ರೋಗ್ರಾಂಗಳು, ಓಡುವುದಿಲ್ಲ, ಹಾಗಾಗಿ ಅಲ್ಲಿ ಕಾಟ ಇಲ್ಲದಿದ್ದರೆ ಅನುಮಾನ ಎಕ್ಸ್‌ಟೆನ್ಶನ್ ಮೇಲೆ. ಅಲ್ಲೂ ಇದ್ದರೆ ಬೇರೊಂದು ಬ್ರೌಸರ್‌ನಲ್ಲಿ ನೋಡಿ. ಎರಡೂ ಬ್ರೌಸರ್‌ನಲ್ಲಿ ಎಲ್ಲಾ ಸೈಟಿಗೂ ಕಾಟ ಇದ್ದರೆ ಅದು ವಿಂಡೋಸ್ ಒಳಗೇ ಕೂತಿದೆ ಅಂತ ಲೆಕ್ಕ. ಒಂದೇ ಸೈಟಿನಲ್ಲಿ ಮಾತ್ರ ಬಂದರೆ, ಫೋನಿನಲ್ಲೂ ಅದೇ ಬಂದರೆ, ಅದು ಆ ಸೈಟಿನದೇ ಜಾಹೀರಾತು, ನಿಮ್ಮ ಕಂಪ್ಯೂಟರ್‌ಗೆ ಏನೂ ಆಗಿಲ್ಲ.

ಅಪ್ಪನದು ಎಕ್ಸ್‌ಟೆನ್ಶನ್. ಪಿಡಿಎಫ್ ಬದಲಾಯಿಸುವ ಹೆಸರಲ್ಲಿ ಕೂತಿತ್ತು. ಡೀಟೇಲ್ಸ್ ಒತ್ತಿ ನೋಡಿದರೆ, ಎಲ್ಲಾ ವೆಬ್‌ಸೈಟ್‌ಗಳಲ್ಲಿರುವ ನಿಮ್ಮ ಮಾಹಿತಿಯನ್ನು ಓದಬಹುದು, ಬದಲಾಯಿಸಬಹುದು ಅನ್ನೋ ಅನುಮತಿ. ಒಂದು ಪಿಡಿಎಫ್ ಬದಲಾಯಿಸಲು ಅಷ್ಟೆಲ್ಲಾ ಯಾಕೆ ಬೇಕು? ಅಪ್ಪ ಬ್ಯಾಂಕಿನ ಪುಟ ತೆರೆಯುವುದೂ ಇದೇ ಬ್ರೌಸರ್‌ನಲ್ಲಿ. ನನಗೆ ನಿಜವಾಗಿ ಸಿಟ್ಟು ಬಂದದ್ದು ಆಗ. ತೆಗೆದೆ. ಮಾರನೇ ದಿನ ಬೆಳಿಗ್ಗೆ ಅದು ಮತ್ತೆ ಅಲ್ಲೇ ಇತ್ತು!

ಮತ್ತೆ ಬರುತ್ತಿದೆ ಅಂದರೆ ಯಾರೋ ತಂದು ಕೂರಿಸುತ್ತಿದ್ದಾರೆ ಅಂತಲೇ ಅರ್ಥ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಇನ್‌ಸ್ಟಾಲ್ ಆದ ಪ್ರೋಗ್ರಾಂಗಳ ಪಟ್ಟಿ ತೆಗೆದು ದಿನಾಂಕದ ಪ್ರಕಾರ ಜೋಡಿಸಿದೆ. ಈ ಒಂದು ಕೆಲಸ ಎಷ್ಟೋ ಸಲ ಎಲ್ಲಾ ಹೇಳಿಬಿಡುತ್ತದೆ. ಒಂದೇ ದಿನ ಮೂರು ಪ್ರೋಗ್ರಾಂ ಬಂದಿದ್ದವು. ಒಂದು ಅಪ್ಪ ಬೇಕು ಅಂತಲೇ ಇಳಿಸಿಕೊಂಡ ಪಿಡಿಎಫ್ ಪ್ರೋಗ್ರಾಂ, ಉಳಿದೆರಡು ಅದರ ಬಾಲ ಹಿಡಿದು ಬಂದವು. ಇನ್‌ಸ್ಟಾಲ್ ಮಾಡುವಾಗ ನೆಕ್ಸ್ಟ್, ನೆಕ್ಸ್ಟ್ ಅಂತ ಒತ್ತುತ್ತಾ ಹೋಗುತ್ತೇವಲ್ಲ, ಆ ಮಧ್ಯೆ ಮೊದಲೇ ಟಿಕ್ ಹಾಕಿಟ್ಟ ಒಂದು ಚೌಕ ಇರುತ್ತದೆ. ಎಷ್ಟೋ ಸಲ ಕಸ್ಟಮ್ ಅನ್ನೋದನ್ನು ಆರಿಸಿದರೆ ಮಾತ್ರ ಅದು ಕಣ್ಣಿಗೆ ಬೀಳುತ್ತದೆ.

ಮೂರನ್ನೂ ತೆಗೆದೆ. ಆಮೇಲೆ ಟಾಸ್ಕ್ ಶೆಡ್ಯೂಲರ್ ತೆರೆದೆ, ಗೊತ್ತು ಮಾಡಿದ ಹೊತ್ತಿಗೆ ಪ್ರೋಗ್ರಾಂಗಳನ್ನು ತಾನಾಗೇ ಓಡಿಸುವ ವಿಂಡೋಸ್ ಸಾಧನ ಅದು. ಇದನ್ನು ತುಂಬಾ ಜನ ನೋಡುವುದೇ ಇಲ್ಲ. ಅಲ್ಲಿ ಅಪ್‌ಡೇಟರ್ ಅಂತ ಹೆಸರಿಟ್ಟುಕೊಂಡ ಒಂದು ಟಾಸ್ಕ್, ಪ್ರತಿ ಸಲ ಲಾಗಿನ್ ಆದಾಗಲೂ ಓಡುವ ಹಾಗೆ. ಅದರ ಆಕ್ಷನ್ಸ್ ಭಾಗ ನೋಡಿದರೆ ಪ್ರೋಗ್ರಾಂಗಳು ತಮ್ಮ ಮಾಹಿತಿ ಇಟ್ಟುಕೊಳ್ಳುವ ಆಪ್‌ಡೇಟಾ ಫೋಲ್ಡರ್ ಒಳಗಿನ ಒಂದು ಫೈಲ್‌ಗೆ ಕೈ ತೋರಿಸುತ್ತಿತ್ತು. ಆ ಫೋಲ್ಡರ್‌ನಲ್ಲಿ ಬರೆಯಲು ಅಡ್ಮಿನ್ ಅನುಮತಿ ಬೇಕಿಲ್ಲ, ಅದಕ್ಕೇ ಇಂಥವು ಅಲ್ಲಿ ಅಡಗುವುದು ಜಾಸ್ತಿ. ಆದರೆ ಅಲ್ಲಿರುವುದೆಲ್ಲಾ ಕೆಟ್ಟದ್ದಲ್ಲ, ಒಳ್ಳೆಯ ಪ್ರೋಗ್ರಾಂಗಳೂ ಇರುತ್ತವೆ, ಹಾಗಾಗಿ ಗೊತ್ತಿಲ್ಲದ ಟಾಸ್ಕ್ ಕಂಡರೆ ಮೊದಲು ಡಿಸೇಬಲ್ ಮಾಡಿ, ಎರಡು ದಿನ ನೋಡಿ, ಆಮೇಲೆ ಅಳಿಸಿ. ಕೊನೆಗೆ ಎಕ್ಸ್‌ಟೆನ್ಶನ್ ತೆಗೆದೆ. ಈ ಕ್ರಮ ಮುಖ್ಯ. ತಂದು ಕೂರಿಸುವವನನ್ನು ಮೊದಲು ಕಳಿಸಬೇಕು. ಕ್ರೋಮ್‌ನಲ್ಲಿ ಸಿಂಕ್ (ಒಂದೇ ಅಕೌಂಟ್ ಇರುವ ಕಂಪ್ಯೂಟರ್‌ಗಳಲ್ಲಿ ಎಲ್ಲಾ ಒಂದೇ ಥರ ಇಡುವ ವ್ಯವಸ್ಥೆ) ಆನ್ ಇದ್ದರೆ, ಇನ್ನೊಂದು ಕಂಪ್ಯೂಟರ್‌ನಲ್ಲಿ ಅದೇ ಅಕೌಂಟ್ ಇದ್ದರೆ, ಅಲ್ಲೂ ತೆಗೆಯಿರಿ.

ಡೆಸ್ಕ್‌ಟಾಪಿನ ಕ್ರೋಮ್ ಶಾರ್ಟ್‌ಕಟ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಟಾರ್ಗೆಟ್ ಸಾಲನ್ನೂ ನೋಡಿ. ಸಾಲಿನ ಕೊನೆಯಲ್ಲಿ ಪರಿಚಯವಿಲ್ಲದ ವೆಬ್ ವಿಳಾಸ ಅಂಟಿಸಿದ್ದರೆ ಅಷ್ಟನ್ನು ಅಳಿಸಿ.

ಇಷ್ಟಾದ ಮೇಲೆ ಸ್ಕ್ಯಾನ್. ನಾನು ಬಳಸಿದ್ದು ಆಡ್‌ಡಬ್ಲ್ಯೂಕ್ಲೀನರ್. ಆಡ್‌ವೇರ್ ಅನ್ನು, ಅಂದರೆ ಬೇಡದ ಜಾಹೀರಾತು ತೋರಿಸುವ ಪ್ರೋಗ್ರಾಂಗಳನ್ನು, ತೆಗೆಯಲು 2011ರಿಂದ ಇರುವ ಚಿಕ್ಕ ಉಚಿತ ಪ್ರೋಗ್ರಾಂ, 2016ರಲ್ಲಿ ಮಾಲ್‌ವೇರ್‌ಬೈಟ್ಸ್ ಕಂಪನಿ ಕೊಂಡಿತು, ಇನ್‌ಸ್ಟಾಲ್ ಕೂಡ ಬೇಕಿಲ್ಲ. ವಿಂಡೋಸ್ ಸೆಕ್ಯುರಿಟಿಯಲ್ಲಿ ಆಪ್ ಅಂಡ್ ಬ್ರೌಸರ್ ಕಂಟ್ರೋಲ್ ಅಂತಿದೆ, ಅದರೊಳಗೆ ಬೇಡದ ಪ್ರೋಗ್ರಾಂಗಳನ್ನು ತಡೆಯುವ ಸ್ವಿಚ್ ಇದೆ. ಅದು ಆನ್ ಇದೆಯಾ ನೋಡಿ. ಕ್ರೋಮ್‌ನ ಒಳಗೇ ಇರುವ ಕ್ಲೀನಪ್ ಟೂಲ್ ಓಡಿಸಿ ಅಂತ ಹಳೇ ಲೇಖನಗಳು ಹೇಳುತ್ತವೆ, ಹುಡುಕಬೇಡಿ, 2023ರಲ್ಲೇ ಅದನ್ನು ತೆಗೆದುಬಿಟ್ಟರು.

ಒಂದು ಮಾತು ಒತ್ತಿ ಹೇಳುತ್ತೇನೆ. ಆಡ್‌ವೇರ್ ತೆಗೆಯುವ ಪ್ರೋಗ್ರಾಂ ಅಂತ ಹುಡುಕಿ ಮೇಲೆ ಬಂದ ಮೊದಲ ಲಿಂಕ್ ಒತ್ತಬೇಡಿ. ಅದು ಜಾಹೀರಾತಾಗಿರಬಹುದು, ಜಾಹೀರಾತಿನ ಹಿಂದೆ ನಕಲಿ ಸೈಟ್ ಇರಬಹುದು. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಬಿಐ ಇದೇ ವಿಷಯಕ್ಕೆ ಎಚ್ಚರಿಕೆ ಕೊಟ್ಟು, ಹುಡುಕುವಾಗ ಆಡ್ ಬ್ಲಾಕರ್ ಬಳಸಿ ಅಂತಲೂ ಹೇಳಿತ್ತು. ತಯಾರಕರ ಸ್ವಂತ ಸೈಟಿನಿಂದಲೇ ಇಳಿಸಿಕೊಳ್ಳಿ.

ಪೂರ್ತಿ ಪರದೆ ತುಂಬಿ, ಜೋರಾಗಿ ಸದ್ದು ಮಾಡುತ್ತಾ, ಈ ನಂಬರ್‌ಗೆ ಫೋನ್ ಮಾಡಿ ಅನ್ನುವ ಪುಟ ಬಂದರೆ? ಮೈಕ್ರೋಸಾಫ್ಟ್‌ನ ಅಸಲಿ ಎರರ್ ಸಂದೇಶದಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಎಸ್ಕೇಪ್ ಕೀಯನ್ನು ಒತ್ತಿ ಹಿಡಿಯಿರಿ. ಆಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರ್ ಮುಚ್ಚಿ. ಮತ್ತೆ ತೆರೆದಾಗ ಹಳೇ ಪುಟ ರಿಸ್ಟೋರ್ ಮಾಡಲಾ ಅಂತ ಕೇಳಿದರೆ ಬೇಡ ಅನ್ನಿ. ಮನೆಯಲ್ಲಿ ಯಾರಾದರೂ ಆಗಲೇ ಫೋನ್ ಮಾಡಿ ಕಂಪ್ಯೂಟರ್ ಅವರ ಕೈಗೆ ಕೊಟ್ಟಿದ್ದರೆ ತಕ್ಷಣ ಇಂಟರ್ನೆಟ್ ಕಿತ್ತುಹಾಕಿ, ಬೇರೆ ಸಾಧನದಿಂದ ಪಾಸ್‌ವರ್ಡ್ ಬದಲಾಯಿಸಿ, ಬ್ಯಾಂಕಿಗೆ ತಿಳಿಸಿ. ದಯವಿಟ್ಟು ಅವರನ್ನು ಬೈಯಬೇಡಿ. ಬೈಗುಳದ ಹೆದರಿಕೆಗೇ ಜನ ಇದನ್ನು ಮುಚ್ಚಿಡುವುದು, ಮುಚ್ಚಿಟ್ಟಷ್ಟೂ ಹಣ ಹೋಗುವ ಅಪಾಯ ಜಾಸ್ತಿ.

ಅಪ್ಪನಿಗೆ ಆ ನೋಟಿಫಿಕೇಶನ್ ಪಟ್ಟಿ ತೋರಿಸಿದೆ. ಕನ್ನಡಕ ಹಾಕಿಕೊಂಡು ಒಂದೊಂದೇ ಹೆಸರು ಓದಿದರು. "ಇಷ್ಟೇನಾ? ನಾನು ಹಾರ್ಡ್ ಡಿಸ್ಕೇ ಹೋಯ್ತು ಅಂದುಕೊಂಡಿದ್ದೆ" ಅಂದರು. ಇವತ್ತು ಬೆಳಿಗ್ಗೆ ತಾವೇ ಆನ್ ಮಾಡಿ ಸ್ವಲ್ಪ ಹೊತ್ತು ಆ ಮೂಲೆಯನ್ನೇ ನೋಡುತ್ತಾ ಕೂತಿದ್ದರು. ಏನೂ ಬರಲಿಲ್ಲ. ಆಮೇಲೆ ಮೇಲ್ ತೆರೆದು, ಎರಡು ವಾರದಿಂದ ಓದದೆ ಬಿಟ್ಟದ್ದನ್ನೆಲ್ಲಾ ಕೆಳಗಿನಿಂದ ಓದುತ್ತಾ ಬಂದರು.