ಎರಡು ಪಫ್ ಆದಮೇಲೆ

ರಾತ್ರಿ 2 ಗಂಟೆಗೆ ಎದೆಯಲ್ಲಿ ಸುಂಯ್ ಸುಂಯ್ ಶುರು. ಎದ್ದು ಕೂತು, ಆಸ್ತಮಾದ ಇನ್ಹೇಲರ್ ಕುಲುಕಿ ಎರಡು ಪಫ್ ಎಳೆದುಕೊಂಡೆ. ಒಂದೊಂದರಲ್ಲಿ 100 ಮೈಕ್ರೋಗ್ರಾಂ ಸಾಲ್ಬುಟಮಾಲ್, ಅಷ್ಟೇ. 5 ನಿಮಿಷದಲ್ಲಿ ಶ್ವಾಸನಾಳದ ಸುತ್ತ ಬಿಗಿದಿದ್ದ ಸ್ನಾಯು ಸಡಿಲವಾಗಿ ಉಸಿರು ಸಲೀಸಾಯ್ತು.

ಆದರೆ ಕೈ ನಡುಕ! ಲೋಟ ಹಿಡಿದರೆ ನೀರಿನ ಮೇಲೆಲ್ಲ ಸಣ್ಣ ಸಣ್ಣ ಅಲೆ. ಎದೆ ಡವಡವ. ಮೊದಮೊದಲು ಇದನ್ನು ಭಯ ಅಂದುಕೊಂಡಿದ್ದೆ. ಅಲ್ಲ, ಔಷಧಿಯದೇ ಕೆಲಸ. ಅದು ಹೋಗಿ ತಟ್ಟುವ ಬೀಟಾ-2 ಗ್ರಾಹಕಗಳು, ಅಂದರೆ ಜೀವಕೋಶಗಳ ಮೇಲಿನ ಸ್ವಿಚ್‌ನಂಥವು, ಕೈಯ ಸ್ನಾಯುಗಳಲ್ಲೂ ಇವೆ, ಸ್ವಲ್ಪ ಹೃದಯದಲ್ಲೂ.

ಈ ಔಷಧಿಯ ಆಟ 4ರಿಂದ 6 ಗಂಟೆ ಮಾತ್ರ. ಒಳಗಿನ ಊತ ಇಳಿಸೋದು ಇನ್ನೊಂದು, ಸ್ಟೆರಾಯ್ಡ್ ಇನ್ಹೇಲರ್. ಚೆನ್ನಾಗೇ ಇದ್ದೀನಲ್ಲ ಅಂತ ವಾರದಿಂದ ಅದನ್ನೇ ಬಿಟ್ಟಿದ್ದೆ, ಜಾಣ ನಾನು. ಈಗ ಅದು ಟೂತ್‌ಬ್ರಷ್ ಪಕ್ಕ ಕೂತಿದೆ. ಎಳೆದುಕೊಂಡಮೇಲೆ ಹೇಗೂ ಬಾಯಿ ಮುಕ್ಕಳಿಸಬೇಕಲ್ಲ.